ಷರಾ

ಹುಬ್ಬಳ್ಳಿಯಿಂದ ಮೊದಲ ಚಿಗರಿ ಬಸ್ಸು ಹತ್ತಿ
ಧಾರವಾಡದ ಗೌಳಿ ಓಣಿಗೆ ಬಂದಾಗ
ಬೀದಿದೀಪ ಇನ್ನೂ ಆರಿರಲಿಲ್ಲ.
ಹಿಂಡುವುದು ಮುಗಿದು, ಹಾಲಿನ ಕ್ಯಾನುಗಳು
ಪೇಢೆಯ ಭಟ್ಟಿಗೆ ಹೊರಟಿದ್ದವು.
ನನ್ನ ಬಳಿ ಒಂದು ಟೇಪು, ಒಂದು ಸ್ಟಾಪ್‌ವಾಚು,
ಹಲಗೆಗೆ ಸಿಕ್ಕಿಸಿದ ಹದಿನೆಂಟು ಹಾಳೆ,
ಕಿವಿಯ ಮೇಲೆ ಪೆನ್ಸಿಲು.
‘ಬಂದಾ ನೋಡ ಅಳತಿ ಡಾಕ್ಟರ,’ ಅಂದಳು ಕೊಂಡಾಬಾಯಿ
ಸಗಣಿ ಬಾಚುತ್ತಲೇ.

ಡಾಕ್ಟರ ಅಲ್ಲ, ಇನ್ನೂ ಓದೋ ಹುಡುಗ,
ಗದಗ ಕಾಲೇಜಿನವ.
ಆದರೂ ಮೊದಲ ದಿನವೇ ಮೂವರು ಓಡಿಬಂದಿದ್ದರು:
ಒಬ್ಬರ ಕರುವಿಗೆ ಭೇದಿ, ಒಬ್ಬರಿಗೆ ಸರ್ಟಿಫಿಕೇಟು ಬೇಕು,
ಒಬ್ಬ ಮುದುಕನಿಗೆ ತನ್ನದೇ ಮೊಣಕಾಲು.
ಔಷಧ ಇಲ್ಲ, ಸೂಜಿ ಇಲ್ಲ ಅಂದೆ.
‘ಹಂಗಾರ ಏನ ಮಾಡ್ತಿಯಪಾ?’
ಎಮ್ಮೆ ಸುಖವಾಗಿದೆಯೋ ಇಲ್ಲವೋ ನೋಡ್ತೀನಿ.
ಓಣಿಯೆಲ್ಲ ನಕ್ಕಿತು.
ಕೊಂಡಾಬಾಯಿ ಮಾತ್ರ ನಗಲಿಲ್ಲ.
‘ನೋಡು. ನೋಡಿ ನನಗೂ ಹೇಳು.’

ವಿಧಾನ ಹೀಗೆ:
ಎಮ್ಮೆಯ ಎದುರು ಎರಡು ಮೀಟರ್ ದೂರ ನಿಲ್ಲು.
ಸೆಕೆಂಡಿಗೊಂದು ಹೆಜ್ಜೆ.
ಕೈ ಮುಂದೆ, ಅಂಗೈ ಕೆಳಗೆ.
ಕಣ್ಣಲ್ಲಿ ಕಣ್ಣಿಡಬೇಡ, ಮುಸುಡಿ ನೋಡು.
ಅದು ಹಿಂಜರಿದಲ್ಲಿ ನಿಂತು
ಕೈಗೂ ಮೂಗಿಗೂ ನಡುವಿನ ಗಾಳಿಯನ್ನು ಅಳೆ.
ಮುಟ್ಟಿಸಿಕೊಂಡರೆ ಸೊನ್ನೆ.

ನಾನು ಕಲಿತ ಗಣಿತದಲ್ಲಿ
ಸೊನ್ನೆ ಬಂದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು.
ಇಲ್ಲಿ ಸೊನ್ನೆಗಾಗಿ ಉಸಿರು ಹಿಡಿದು ನಿಲ್ಲುತ್ತೇನೆ.

ಮೋರಿ, ಸೊನ್ನೆ. ಚಂದ್ರಿ, ಹತ್ತು ಸೆಂಟಿಮೀಟರ್.
ಕುಡುಗೋಲಿನಂಥ ಕೋಡು ಹೆಗಲಿಗೆ ತಾಕಿಸಿಕೊಂಡು
ರಾಧಿ ನನ್ನ ಪೆನ್ಸಿಲನ್ನೇ ನೆಕ್ಕಿತು; ಸೊನ್ನೆ.
ಬೇರೆ ಕಾಲಮ್ಮುಗಳೂ ಇದ್ದವು, ತುಂಬಿದೆ:
ಹಿಂಗಾಲ ಕೀಲಿನ ಬಾವು, ಸ್ಕೋರ್ ಎರಡು.
ಹಗ್ಗ, ಎರಡೂವರೆ ಮೊಳ.
ಮಲಗಲು ಹಿಡಿದ ಹೊತ್ತು: ಮಂಡಿಯೂರಿ, ಎದ್ದು,
ಮತ್ತೆ ಮಂಡಿಯೂರಿ, ಹನ್ನೊಂದು ಸೆಕೆಂಡು
ಗಚ್ಚಿನ ನೆಲದ ಜೊತೆ ಚೌಕಾಶಿ.
‘ಹಗ್ಗ ಗಿಡ್ಡ ಆತಲ್ರೀ.’
‘ಉದ್ದ ಬಿಟ್ರ ಬಾಜೂಕಿನವರ ಬಾಗಲದಾಗ ಮಲಗ್ತಾವ.
ಜಾಗಾ ಇರೂದು ಬರೇ ನಿನ್ನ ಹಾಳ್ಯಾಗ.’
ಅದಕ್ಕೊಂದು ಕಾಲಮ್ಮು ಇರಲಿಲ್ಲ.

ಹನ್ನೊಂದನೆಯದು, ಹಾವೇರಿ.
ಹಾವೇರಿ ಸಂತೆಯಲ್ಲಿ ಕೊಂಡದ್ದಕ್ಕೆ ಅದೇ ಹೆಸರು.
ಒಂದು ಹೆಜ್ಜೆ ಎತ್ತಿದ್ದೆ, ಅಷ್ಟೇ.
ಗೂಟ ಅಲುಗಿತು, ನೀರಿನ ಬಕೀಟು ಉರುಳಿತು.
ನೂರಾ ಅರವತ್ತು.
ಮರುದಿನವೂ ನೂರಾ ಅರವತ್ತು.
ಮೂರನೆಯ ದಿನ ನೂರಾ ಐವತ್ತೆಂಟು,
ಖುಷಿಗೆ ಅಡಿಗೆರೆ ಎಳೆದೆ.
ನಾಲ್ಕನೆಯ ದಿನ ಅದನ್ನೂ ಅಳಿಸಬೇಕಾಯಿತು.

ಅದರ ಭುಜದ ಮೇಲೆ ರೋಮ ಬೆಳೆಯದ ಮೂರು ಗೀರು.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ:
ಗಾದೆ ಅಂತ ಶಾಲೆಯಲ್ಲಿ ಬಿಟ್ಟ ಸ್ಥಳ ತುಂಬಿದ್ದೆ.
ಯಾವ ಎತ್ತಿನ ಜ್ವರಕ್ಕೋ ಇದು,
ಯಾರ ಅಂಗಳದಲ್ಲೋ.

ಕೊಂಡಾಬಾಯಿ ಪೊರಕೆ ಕೆಳಗಿಟ್ಟಳು.
‘ಕೈ ಹಂಗ ಬೋರಲ ಹಿಡದ್ರ
ಅದರಾಗ ಏನೈತಿ ಅಂತ ಅದಕ್ಕ ಹೆಂಗ ತಿಳೀಬೇಕೋ?
ತಿರುವು.’
ತಿರುವಿದೆ.
ಏನೂ ಇಲ್ಲದ ಅಂಗೈ, ಬೆವರು, ಪೆನ್ಸಿಲಿನ ಕಪ್ಪು.
ಎಷ್ಟು ಹೊತ್ತಾಯಿತೋ, ಸ್ಟಾಪ್‌ವಾಚು ಒತ್ತಿರಲಿಲ್ಲ.
ಮೊದಲು ಬಿಸಿ ಉಸಿರು,
ಆಮೇಲೆ ಒದ್ದೆ ಮೂಗು,
ಆಮೇಲೆ ಉಪ್ಪಿನಾಸೆಗೆ ಬಂದ
ಮರಳುಕಾಗದದಂಥ ನಾಲಗೆ.

ಆದರೆ ವಿಧಾನ ಅಂಗೈ ಕೆಳಗೆ ಅನ್ನುತ್ತದೆ.
ಹದಿನೆಂಟೂ ಎಮ್ಮೆಗೆ ಒಂದೇ ಕೈ.
ನೂರಾ ಅರವತ್ತು ಎಂದೇ ಬರೆದೆ.
ಹಾಳೆಯ ತುದಿಯಲ್ಲಿ, ಷರಾ ಎಂಬ ಇಕ್ಕಟ್ಟಿನಲ್ಲಿ
ಅಕ್ಷರಗಳ ಕಾಲು ಮಡಿಸಿ ಕೂರಿಸಿದೆ:
ಅಂಗೈ ತೋರಿಸಿದರೆ, ಸೊನ್ನೆ.

‘ಷರಾ ಕಂಪ್ಯೂಟರಿಗೆ ಹೋಗೂದಿಲ್ಲ ತಮ್ಮಾ,’
ಅಂದರು ಹಂಚಿನಾಳ ಸರ್,
ಓದಿ, ಕನ್ನಡಕ ತೆಗೆದು, ಇನ್ನೊಮ್ಮೆ ಓದಿ.
ಹಾಳೆ ಮಾತ್ರ ವಾಪಸು ಕೊಡಲಿಲ್ಲ.

ಕೊನೆಯ ದಿನ ಕೊಂಡಾಬಾಯಿ ಕೇಳಿದಳು,
‘ಪಾಸೋ ಫೇಲೋ ನಾವು?’
ಬಾವು, ಹಗ್ಗ, ನೆಲ, ಎಲ್ಲ ಹೇಳಿದೆ,
ಮುಚ್ಚಿಡಲಿಲ್ಲ.
ಸುಮ್ಮನೆ ಒಳಗೆ ಹೋಗಿ
ನಾಲ್ಕು ಹಳೆಯ ಗೋಣಿಚೀಲ ತಂದು
ಹಾವೇರಿಯ ಕಾಲಡಿ ಹಾಸಿದಳು.
‘ಬರಕೋ,’ ಅಂದಳು. ‘ಸದ್ಯಕ್ಕ ಇಷ್ಟ.’